ಹಳದಿ ಸ್ಟಿಕ್ಕರಿನ ಕಾರು

"ನನ್ನ ಕಾರು ಪೆಟ್ರೋಲ್ ಕುಡಿಯೋದಿಲ್ಲ ತಾಯಿ, ಎಮ್ಮೆ ಹಾಲು ಕೊಟ್ಟ ಹಾಗೆ ಕೊಡ್ತದೆ! ಮೊನ್ನೆ ಇನ್ನೂರು ಮೈಲಿ ದೂರದ ರೀನೋ ಊರಿಗೆ ಹೋಗಿಬಂದೆ. ಹೋಗುವಾಗ ಅರ್ಧ ಟ್ಯಾಂಕು, ಬರುವಾಗ ತುಂಬಿ ತುಳುಕ್ತಿತ್ತು. ಹತ್ತಿ, ಹತ್ತಿ!"

ಲೈಲ್ ಬ್ರುಬೇಕರ್ ಹೀಗೆ ಕೂಗಿ ಬಾಗಿಲು ತೆರೆದರೂ, ಓಕ್ಲೆಂಡಿನಲ್ಲಿ ಸವಾರಿಗೆ ಕಾದು ನಿಂತವರ, ಹನುಮಂತನ ಬಾಲದಂತೆ ಬೆಳೆದಿದ್ದ ಸಾಲಿನಿಂದ ಒಂದು ನರಪಿಳ್ಳೆಯೂ ಮುಂದೆ ಬರಲಿಲ್ಲ. ಎಲ್ಲರ ಕಣ್ಣೂ ಕಾರಿನ ಹಿಂಬದಿಗೆ ಅಂಟಿಸಿದ್ದ ಹಳದಿ ಸ್ಟಿಕ್ಕರಿನ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋ ಸೇತುವೆಯ ಬೇಗ ಸಾಗುವ ಲೇನಿಗೆ ನುಗ್ಗಬೇಕಾದರೆ ಕಾರಿನಲ್ಲಿ ಮೂರು ತಲೆ ಇರಬೇಕು. ಅದಕ್ಕೇ ಒಂಟಿ ಚಾಲಕರು ಬೆಳಿಗ್ಗೆ ಇಲ್ಲಿ ಬಂದು, ಗುರುತು ಪರಿಚಯವಿಲ್ಲದ ಇಬ್ಬರನ್ನು ಹತ್ತಿಸಿಕೊಂಡು ಹೋಗುತ್ತಿದ್ದರು. ಅವರಿಗೆ ಲೇನು, ಇವರಿಗೆ ಪುಕ್ಕಟೆ ಸವಾರಿ. ಆಮೇಲೆ ಸರ್ಕಾರ, ಬ್ಯಾಟರಿಯ ನೆರವಿನಿಂದ ಓಡುವ ಹೈಬ್ರಿಡ್ ಕಾರುಗಳು ಹೊಗೆ ಕಡಿಮೆ ಉಗುಳುತ್ತವೆಂದು ಮೆಚ್ಚಿ, ಅವಕ್ಕೆ ಈ ಹಳದಿ ಸ್ಟಿಕ್ಕರ್ ಕೊಟ್ಟು, ಒಬ್ಬರೇ ಇದ್ದರೂ ಆ ಲೇನಿನಲ್ಲಿ ಹೋಗಿ ಎಂದಿತು. ಅಂದಿನಿಂದ ಸ್ಟಿಕ್ಕರಿನವರು ಸಾಲಿನ ಕಡೆ ಕತ್ತು ಕೂಡ ತಿರುಗಿಸುತ್ತಿರಲಿಲ್ಲ. ಹಾಗಿರುವಾಗ ಇವನೊಬ್ಬ ಏಕೆ ನಿಲ್ಲಿಸುತ್ತಾನೆ?

"ಇನ್ಶೂರೆನ್ಸ್ ಮಾರೋನಿರಬೇಕು."

"ಅಲ್ಲ, ಧರ್ಮಪ್ರಚಾರ. ಸೇತುವೆ ಮಧ್ಯ ಸಿಕ್ಕಿಹಾಕ್ಕೊಂಡ್ರೆ ಇಳಿಯೋಕೂ ಆಗಲ್ಲ, ಪೂರ್ತಿ ಕೇಳಬೇಕು."

"ಎರಡೂ ಅಲ್ಲ. ಸಂಜೆ ಟಿವಿ ಹಾಕಿ ನೋಡಿ, ಹೆಣದ ಸುದ್ದಿ ಬರುತ್ತೆ."

ಸಾಲಿನ ಮುಂದೆ ನಿಂತಿದ್ದ ಅರ್ನೆಸ್ಟೀನ್ ಗೇನ್ಸ್ ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಬೆರಳಚ್ಚು ಮಾಡುವವಳು. ಸುಳ್ಳು ಕೇಳಿ ಕೇಳಿ ಅವಳು ಎಷ್ಟು ಪಳಗಿದ್ದಳೆಂದರೆ, ಸೇತುವೆಯಾಚೆ ಒಂದು ಸುಳ್ಳು ಹುಟ್ಟಿದರೆ ಈಚೆ ಅವಳಿಗೆ ಸೀನು ಬರುತ್ತಿತ್ತು. ಈಗಲೂ ಮೂಗು ತುರಿಸುತ್ತಿತ್ತು. ಆದರೆ ಇನ್ನೊಂದು ದಿನ ತಡವಾದರೆ ಬರಲೇಬೇಡ ಎಂದು ನ್ಯಾಯಾಧೀಶರು ನಿನ್ನೆಯಷ್ಟೇ ಹೇಳಿದ್ದರು, ಬೇರೆ ಕಾರಿನ ಸುಳಿವೂ ಇರಲಿಲ್ಲ. ಹಿಂದೆ ನಿಂತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಫಾಮ್‌ನತ್ತ ತಿರುಗಿದಳು. "ಬಾರಪ್ಪ, ಸಾಯೋದಾದ್ರೆ ಜೊತೇಲೇ ಸಾಯೋಣ." ಅವಳು ಮುಂದಿನ ಸೀಟಿಗೆ, ಅವನು ಹಿಂದಿನ ಸೀಟಿಗೆ ಹತ್ತಿದರು.

ಚಾಲಕನೇ ಮೊದಲು ಮಾತೆತ್ತುವವರೆಗೆ, ಹತ್ತಿದವರು ತುಟಿ ಬಿಚ್ಚಬಾರದು ಎಂಬುದು ಈ ಸವಾರಿಯ ಕಟ್ಟಳೆ. ಲೈಲ್ ತುಟಿ ಮುಚ್ಚಿದ್ದರೆ ತಾನೆ! "ನನ್ನ ಕಾರಿನ ಹೊಗೆ ಎಷ್ಟು ಶುದ್ಧ ಅಂತೀರಿ? ನಮ್ಮ ಬೀದಿ ಗುಬ್ಬಚ್ಚಿಗಳೆಲ್ಲ ಒಳ್ಳೇ ಗಾಳಿಗೆ ಅಂತ ಸೈಲೆನ್ಸರಿನ ಹತ್ರಾನೇ ಬಂದು ಕೂತ್ಕೊಳ್ತವೆ."

ಹೆದ್ದಾರಿಗೆ ಏರುವ ಮುನ್ನ ಕೊನೆಯ ಕೆಂಪು ದೀಪ. ಮುಂದೆ ಇನ್ನೊಂದು ಹಳದಿ ಸ್ಟಿಕ್ಕರಿನ ಕಾರು ಸದ್ದಡಗಿ, ಸತ್ತಂತೆ ನಿಂತಿತ್ತು. ಲೈಲನ ಕಾರು ಮಾತ್ರ ಗೊರ ಗೊರ ಎನ್ನುತ್ತಲೇ ಇತ್ತು. ಕಿಟಕಿಯ ಗಾಜು ಅದುರಿತು, ಡ್ಯಾಶ್‌ಬೋರ್ಡಿನ ಮೇಲಿದ್ದ ಅವನ ಕನ್ನಡಕ ಕುಣಿಯತೊಡಗಿತು.

"ರೀ ಮಿಸ್ಟರ್," ಎಂದಳು ಅರ್ನೆಸ್ಟೀನ್. "ನಮ್ಮಣ್ಣನ ಹೈಬ್ರಿಡ್ ಸಿಗ್ನಲ್‌ನಲ್ಲಿ ಉಸಿರೇ ಬಿಡಲ್ಲ. ನಿಮ್ಮದೇನು, ಕ್ಷಯ ಹಿಡಿದವರ ಹಾಗೆ ಕೆಮ್ತಾ ಇದೆ?"

"ಅದಾ... ಬ್ಯಾಟರಿ ತಾಯಿ. ಖುಷಿಯಾದ್ರೆ ಗುನುಗ್ತದೆ."

"ಕದ್ದ ಕಾರೇನ್ರೀ?" ಎಂದ ಫಾಮ್ ಹಿಂದಿನಿಂದ.

ಅರ್ನೆಸ್ಟೀನ್ ಬಾಗಿಲು ತೆರೆದು ಒಂದು ಕಾಲನ್ನು ರಸ್ತೆಗೆ ಇಟ್ಟೇಬಿಟ್ಟಳು. "ನಿಜ ಬೊಗಳಿ. ಇಲ್ಲಾಂದ್ರೆ ನಾವಿಬ್ಬರೂ ಇಳೀತೀವಿ. ನನ್ನ ಕೆಲಸ ಹೋದ್ರೂ ಹೋಗ್ಲಿ. ಒಬ್ಬರೇ ಸೇತುವೆ ಹತ್ತಿ, ಪೊಲೀಸಿನವನ ಮುಂದೆ ಹಾಡಿಸಿ ನಿಮ್ಮ ಬ್ಯಾಟರೀನ."

ಲೈಲ್ ಸ್ಟೀರಿಂಗ್ ಬಿಟ್ಟು ಎರಡೂ ಕೈ ಎತ್ತಿದ. "ಅಯ್ಯೋ ಇಳೀಬೇಡಿ! ಕಾರು ನನ್ನದೇ. ಸ್ಟಿಕ್ಕರೂ ನನ್ನದೇ... ಅಂದ್ರೆ, ನಾನೇ ಬರೆದದ್ದು. ಬೋರ್ಡು ಬರೆಯೋನು ನಾನು. ಇದು ಬರೀ ಪೆಟ್ರೋಲ್ ಗಾಡಿ."

"ಲೇನಿನ ಆಸೆಗೆ ಸರ್ಕಾರಕ್ಕೇ ಟೋಪಿ!"

"ಲೇನಿಗಲ್ಲ ಕಣಮ್ಮಾ. ಒಬ್ಬನೇ ಅಲ್ಲಿಗೆ ಹೋಗೋ ಧೈರ್ಯ ಇವತ್ತಿನವರೆಗೂ ಬಂದಿಲ್ಲ. ಅದಕ್ಕೇ ನಿಮ್ಮನ್ನ ಹತ್ತಿಸ್ಕೊಳ್ಳೋದು. ಸ್ಟಿಕ್ಕರ್ ನಮ್ಮ ಬೀದಿಗೆ. ಎಡಕ್ಕೆ ಹೈಬ್ರಿಡ್, ಬಲಕ್ಕೆ ಹೈಬ್ರಿಡ್, ಎದುರು ಮನೇಲಿ ಎರಡು. ನಾನು ಗಾಡಿ ಶುರುಮಾಡಿದ್ರೆ ಸಾಕು, ಮಕ್ಕಳನ್ನ ಒಳಗೆ ಎಳ್ಕೊಂಡು ಕಿಟಕಿ ಮುಚ್ತಿದ್ರು. ಇದನ್ನ ಅಂಟಿಸಿದ ಮಾರನೇ ದಿನ ಪಕ್ಕದ ಮನೆಯಾಕೆ ತಾನಾಗೇ ಬಂದು, ಹಿತ್ತಲಲ್ಲಿ ಬೆಳೆದ ಟೊಮೇಟೊ ಕೊಟ್ಟು ಹೋದ್ಲು."

ಹಸಿರು ದೀಪ ಬಿತ್ತು. ಮುಂದಿನ ಕಾರು ಸದ್ದಿಲ್ಲದೆ ಜಾರಿ ಸೇತುವೆಯ ದಾರಿ ಹಿಡಿಯಿತು. ಒಳಗೆ ಒಬ್ಬನೇ, ಪಕ್ಕದ ಸೀಟಿನಲ್ಲಿ ಅವನ ಕೋಟು ಒಂದು ಸುಕ್ಕೂ ಇಲ್ಲದೆ ಆರಾಮವಾಗಿ ಒರಗಿತ್ತು. ಅರ್ನೆಸ್ಟೀನ್ ಅದನ್ನು ನೋಡಿದಳು. ತಿರುಗಿ, ಮೊಣಕಾಲು ಗದ್ದಕ್ಕೆ ಒತ್ತಿಕೊಂಡು ಮುದುರಿದ್ದ ಫಾಮ್‌ನನ್ನು ನೋಡಿದಳು. ಕಾಲು ಒಳಗೆಳೆದು ದಢಾರನೆ ಬಾಗಿಲು ಹಾಕಿದಳು.

"ನಡೀರಿ. ಅವನು ಕೋಟು ಕೂರಿಸ್ಕೊಂಡು ಹೋಗ್ತಾನೆ, ನೀವು ಮನುಷ್ಯರನ್ನಾದ್ರೂ ಕೂರಿಸ್ಕೊಂಡ್ರಿ. ಗ್ಯಾಲನ್ನಿಗೆ ಎಷ್ಟು ಮೈಲಿ ಕೊಡ್ತದೆ, ಅದನ್ನಾದ್ರೂ ನಿಜ ಹೇಳಿ."

"ಇಪ್ಪತ್ತು."

ಅರ್ನೆಸ್ಟೀನಳಿಗೆ ಸೀನು ಬಂತು.

"ಹದಿನಾಲ್ಕು," ಎಂದ ಲೈಲ್, ಕನ್ನಡಕ ಏರಿಸಿಕೊಳ್ಳುತ್ತ. "ಅದೂ ಇಳಿಜಾರಿನಲ್ಲಿ."