ಎಪ್ಪತ್ತೊಂದು ಕೆಜಿ ಕ್ಲೋರಿನ್

ರವಿಕೆ ಹೊಲಿದು ಬದುಕುವ ಆ ಹೆಂಗಸು ಪಿಯುಸಿ ಮಕ್ಕಳ ನಡುವೆ ಕೂತು ರಸಾಯನಶಾಸ್ತ್ರದ ಮೋಲ್ ಲೆಕ್ಕ ಕಲಿಯುವುದನ್ನು ಕಂಡು, ಕಾರ್ಖಾನೆಗಳ ತಪಾಸಣಾ ಇಲಾಖೆಯಿಂದ ನಿವೃತ್ತರಾಗಿದ್ದ ಟ್ಯೂಷನ್ ಮೇಷ್ಟ್ರಿಗೆ ಮೊದಮೊದಲು ಸೋಜಿಗವಾಗಿತ್ತು. ಮೂರು ತಿಂಗಳಲ್ಲಿ ಅವಳು ಎಲ್ಲರನ್ನೂ ಮೀರಿಸಿದಳು.

ಒಂದು ಸಂಜೆ ಅವಳೇ ಎದ್ದು ನಿಂತು ಕೇಳಿದಳು: "ಸಾರ್, ಎಪ್ಪತ್ತೊಂದು ಕೆಜಿ ಕ್ಲೋರಿನ್ ಸೋರಿದ್ರೆ ಎಷ್ಟು ಲೀಟರ್ ಗ್ಯಾಸ್ ಆಗತ್ತೆ?"

ಮಕ್ಕಳೆಲ್ಲ ನೋಡುತ್ತಿದ್ದರು. ಮೇಷ್ಟ್ರು ಸೀಮೆಸುಣ್ಣ ಹಿಡಿದು ಲೆಕ್ಕ ಮಾಡಿದರು.

"ಸಾವಿರ ಮೋಲ್. ಅಂದ್ರೆ... ಇಪ್ಪತ್ತೆರಡು ಸಾವಿರದ ನಾನೂರು ಲೀಟರ್."

"ಮುಚ್ಚಿದ ಕೋಣೇಲಿ ಇದ್ದೋರು ಬದುಕ್ತಾರಾ?"

"ಇಲ್ಲಮ್ಮ."

ಅವಳು ಚೀಲದಿಂದ ಒಂದು ಹಳೆಯ ಕಾಗದ ತೆಗೆದು ಅವರ ಮುಂದೆ ಹಿಡಿದಳು.

"ಹಾಗಾದ್ರೆ ನನ್ನ ಗಂಡ ಸತ್ತ ಕಾರ್ಖಾನೆಯ ತನಿಖಾ ವರದೀಲಿ ಎಪ್ಪತ್ತೊಂದು ಕೆಜಿ ಸೋರಿದ್ದಕ್ಕೆ ಬರೀ ಇನ್ನೂರು ಲೀಟರ್ ಅಂತ ಬರ್ದು ಯಾಕೆ ರುಜು ಹಾಕಿದ್ರಿ, ಸಾರ್?"