ಮುಡಿಪಿನ ಗಂಟು

"ಗದ್ದೆ ನನಗಿರ್ಲಿ. ಆ ಮುಡಿಪು ಸೇವಂತಿಗೆ ಕೊಡು," ಎಂದ ತೀರ್ಥರಾಮ.

ಅವ್ವ ಪೂವಮ್ಮನ ಮಡಿಲಲ್ಲಿ ಹಳದಿ ಬಟ್ಟೆಯ ಗಂಟಿತ್ತು. ಗಂಡ ಗುಣವಾದರೆ ಸುಬ್ರಹ್ಮಣ್ಯಕ್ಕೆ ಒಪ್ಪಿಸುತ್ತೇನೆಂದು ತನ್ನ ಚಿನ್ನವನ್ನೆಲ್ಲ ಅದರಲ್ಲಿ ಕಟ್ಟಿ ದೇವರ ಮೂಲೆಯಲ್ಲಿಟ್ಟಿದ್ದಳು. ಗಂಡ ಉಳಿಯಲಿಲ್ಲ, ಹರಕೆಯೂ ಉಳಿಯಲಿಲ್ಲ. ಈಗ ಚಿನ್ನ ಒಬ್ಬರಿಗೆ, ಅವಳ ಹೆಸರಿನ ಮಂಡೆಕೋಲಿನ ಗದ್ದೆ ಇನ್ನೊಬ್ಬರಿಗೆ. ಹಿರಿಯವನೇ ಮೊದಲು ಆರಿಸಲಿ ಎಂದಿದ್ದಳು.

"ಅಣ್ಣನಿಗೆ ಯಾವಾಗ್ಲೂ ದೊಡ್ಡ ತುಂಡೇ ಆಗ್ಬೇಕು," ಎಂದಳು ತಂಗಿ ಸೇವಂತಿ.

"ಮದುವೆ ಮಾಡಿ ಕಳಿಸಿದ್ದು ಸಾಲದಾ ನಿಂಗೆ? ಬಾಯಿ ಮುಚ್ಚು."

ಗಂಟಿನಲ್ಲಿದ್ದದ್ದು ಹೊಳೆಯ ಕಲ್ಲು ಎಂದು ಅವಳಿಗೇನು ಗೊತ್ತು? ಐವತ್ತಾರರ ಮಳೆಗಾಲದಲ್ಲಿ, ಅಪ್ಪ ಹಾಸಿಗೆ ಹಿಡಿದಿದ್ದಾಗಲೇ, ಪುತ್ತೂರಿನ ಬಸ್ಸೊಂದಕ್ಕೆ ಪಾಲು ಹಾಕುವ ಹುಚ್ಚಿನಲ್ಲಿ ಚಿನ್ನ ತೆಗೆದು ಕಲ್ಲು ತುಂಬಿಸಿದವನು ಇವನೇ. ದೇವರ ಮುಡಿಪನ್ನು ಬಿಚ್ಚಿ ನೋಡುವವರು ಯಾರೂ ಇಲ್ಲ ಎಂಬ ಧೈರ್ಯ. ಆ ದುಡ್ಡು ಬಸ್ಸಿನಲ್ಲೇ ಮುಳುಗಿತು. ಚಿನ್ನ ಕೊಂಡ ಉಪ್ಪಿನಂಗಡಿಯ ಅಚ್ಚುತಾಚಾರಿ ಇವತ್ತು ತಕ್ಕಡಿ ಹಿಡಿದು ಇದೇ ಜಗಲಿಯಲ್ಲಿ ಕೂತಿದ್ದ. ಊರಲ್ಲೇ ಆಚಾರಿ ಇರುವಾಗ ಅವ್ವ ಅಷ್ಟು ದೂರದಿಂದ ಇವನನ್ನೇ ಯಾಕೆ ಕರೆಸಿದಳೋ. ಆದರೂ ಕಳ್ಳಮಾಲು ಕೊಂಡವನು ಬಾಯಿ ಬಿಡಲಾರ.

"ಎಂತದಾದ್ರೂ ಹೇಳ್ಲಿಕ್ಕೆ ಉಂಟಾ ಮಗ?" ಅವ್ವ ಕೇಳಿದಳು.

"ಎಂತದೂ ಇಲ್ಲ. ನೀನು ಸಾಯುವವರೆಗೆ ಕಾಯ್ಲಿಕ್ಕೆ ನನ್ನಿಂದ ಆಗುದಿಲ್ಲ. ಗದ್ದೆ ಕೊಡು."

"ಗದ್ದೆ ಈಗ ಹೇಗುಂಟೋ ಹಾಗೇ ನಿನ್ನದು. ನಾಳೆ ನನ್ನತ್ರ ಬಂದು ಕೇಳ್ಲಿಕ್ಕಿಲ್ಲ."

"ಆಯ್ತು ಅಂದೆನಲ್ಲ. ಎಷ್ಟು ಸಲ ಹೇಳುದು?"

ಅವ್ವ ಗಂಟನ್ನು ಸೇವಂತಿಯ ಕೈಗಿಟ್ಟಳು. ಕಲ್ಲು ಉರುಳಿದ ಕೂಡಲೇ ಮುದುಕಿಯೇ ಮೋಸ ಮಾಡಿದಳೆಂದು ಬೊಬ್ಬೆ ಹಾಕಲು ತೀರ್ಥರಾಮ ತಯಾರಾಗಿ ಕೂತ. ಹೆತ್ತವಳ ಮೇಲೆ ತಪ್ಪು ಹೊರಿಸಲು ಅವನಿಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ.

ಬಟ್ಟೆ ಬಿಚ್ಚಿತು. ಸರ, ಬಳೆ, ಬೆಂಡೋಲೆ, ಒಂದೂ ಕಡಿಮೆಯಿರಲಿಲ್ಲ. ತೀರ್ಥರಾಮನ ಬಾಯಿ ತೆರೆದಲ್ಲೇ ನಿಂತಿತು.

"ಆ ಬೆಂಡೋಲೆ ಮಾಡಿದ್ದು ಆಚಾರಿಯ ಅಪ್ಪ," ಅವ್ವ ಅವನ ಮುಖ ನೋಡದೆ ಹೇಳಿದಳು. "ಗುರ್ತ ಸಿಕ್ಕಿ ಮರುವಾರವೇ ಬಂದು ಹೇಳಿದ್ರು. ಕಲ್ಲು ಆರಿಸುವವ ಅಲ್ಲ ನೀನು ಅಂತ ನಂಗೆ ಗೊತ್ತಿತ್ತು."

ಆಮೇಲೆ ಸೆರಗು ಕೊಡವಿ ಎದ್ದಳು.

"ಚಿನ್ನ ವಾಪಸು ತರ್ಲಿಕ್ಕೆ ಆ ಗದ್ದೆ ಅಡವಿಟ್ಟಿದ್ದೇನೆ, ಇನ್ನು ನೀನೇ ಬಿಡಿಸಿಕೋ."