ಉಪ್ಪುನೀರಿನ ಹನಿ

"ಚೆನ್ನಾಗಿ ಬಂದಿದೆ. ಜೀವಕೋಶಗಳು ಎಷ್ಟು ಸ್ಪಷ್ಟವಾಗಿ ಕಾಣ್ತಿವೆ ನೋಡು" ಎಂದರು ಜೀವಶಾಸ್ತ್ರದ ಟೀಚರ್ ಶಶಿರೇಖಾ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟುಕೊಂಡೇ.

ಒಂಬತ್ತನೇ ತರಗತಿಯ ರಮ್ಯ ಪಕ್ಕದಲ್ಲಿ ನಿಂತಿದ್ದಳು. ಕೆಂಪು ಈರುಳ್ಳಿಯ ಪೊರೆ ಅಂಟಿಸಿದ ಸ್ಲೈಡ್ ಇನ್ನೂ ಅವಳ ಕೈಯಲ್ಲೇ ಇತ್ತು. "ಮಿಸ್, ನಾನಿನ್ನೂ ಸ್ಲೈಡ್ ಇಟ್ಟಿಲ್ಲ" ಎಂದಳು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ.

ಜಕ್ಕೂರಿನ ತರಬೇತಿ ವಿಮಾನವೊಂದು ಶಾಲೆಯ ಮೇಲೆ ಹಾದುಹೋಯಿತು. ಶಶಿರೇಖಾ ತಲೆ ಎತ್ತಲಿಲ್ಲ. ಕೆಲವು ತಿಂಗಳಿಂದ ಅವರಿಗೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದುದು ಮಬ್ಬು ಬೆಳಕು ಮಾತ್ರ. ಪಾಠ ಮಾಡುವುದು ಎಲ್ಲಿ ತಪ್ಪಿಹೋಗುತ್ತದೋ ಎಂದು ಮನೆಯಲ್ಲೂ ಹೇಳಿರಲಿಲ್ಲ. ಮಕ್ಕಳು ಏನು ತೋರಿಸಿದರೂ ಚೆನ್ನಾಗಿದೆ ಎನ್ನುತ್ತಿದ್ದರು.

ರಮ್ಯ ಸ್ಲೈಡ್ ಇಟ್ಟು, ಪೊರೆಯ ಮೇಲೆ ಒಂದು ಹನಿ ಉಪ್ಪುನೀರು ಬಿಟ್ಟಳು. "ಈಗ ನೋಡಿ ಮಿಸ್."

ಇನ್ನೊಮ್ಮೆ ಚೆನ್ನಾಗಿದೆ ಎಂದುಬಿಡಬಹುದಿತ್ತು. ಈ ಹುಡುಗಿ ಯಾರಿಗೂ ಹೇಳುವವಳಲ್ಲ. ಶಶಿರೇಖಾ ಎದ್ದು ಸ್ಟೂಲನ್ನು ಅವಳತ್ತ ಸರಿಸಿದರು.

"ನಂಗೆ ಕಾಣ್ತಿಲ್ಲ ಕಣೇ" ಎಂದರು, ಇಡೀ ತರಗತಿಗೆ ಕೇಳಿಸುವಂತೆ. "ನೀನೇ ನೋಡಿ ಹೇಳು. ಒಳಗಿನ ನೀರು ಹೊರಗೆ ಹೋಗ್ತಿದ್ಯಾ?"

ಬೇರೆ ಮೇಜುಗಳ ಮಕ್ಕಳು ಇತ್ತ ತಿರುಗಿದರು. ರಮ್ಯ ಕೂತು ಕಣ್ಣಿಟ್ಟಳು.

"ಹೋಗ್ತಿದೆ ಮಿಸ್. ಕೋಶದ ಗೋಡೆ ಹಂಗೇ ಇದೆ. ಒಳಗಿರೋ ನೇರಳೆ ಬಣ್ಣ ಗೋಡೆ ಬಿಟ್ಟು ನಡುವಿಗೆ ಸರೀತಿದೆ."

ಶಶಿರೇಖಾ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ದೊಡ್ಡದೊಂದು ಚೌಕ ಎಳೆದರು.

"ಎಷ್ಟು ಸರೀತು? ನಿಧಾನಕ್ಕೆ ಹೇಳು, ಬರ್ಕೊತೀನಿ."